ಅಜ್ಜಿಯ ಹಳೆಯ ಫೋಟೋ: ಮೊಬೈಲ್ ಆ್ಯಪೋ, ಹುಬ್ಬಳ್ಳಿಯ ಸ್ಟುಡಿಯೋವೋ?

ಗೀರು, ಧೂಳಿನ ಚುಕ್ಕೆ, ಮಾಸಿದ ಛಾಯೆ ಇಷ್ಟೇ ತೊಂದರೆಯಾದರೆ ಹಳೆಯ ಫೋಟೋ ಸರಿಪಡಿಸಲು ಎಐ (ಕೃತಕ ಬುದ್ಧಿಮತ್ತೆ) ಬಳಸುವ ಮೊಬೈಲ್ ಆ್ಯಪ್ ಸಾಕು. ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ನೆಂಟರಿಗೆಲ್ಲ ವಾಟ್ಸ್‌ಆ್ಯಪ್ ಮಾಡಬಹುದು.

ಮುಖವೇ ಹಾಳಾಗಿದ್ದರೆ ಮಾತು ಬೇರೆ. ಅಳಿದುಹೋದದ್ದನ್ನು ಆ್ಯಪ್ ಮರಳಿ ತರುವುದಿಲ್ಲ; ತಾನು ಕಲಿತ ಅಸಂಖ್ಯ ಮುಖಗಳಿಂದ ಊಹಿಸಿ ಹೊಸದನ್ನು ಬರೆಯುತ್ತದೆ. ಅಜ್ಜಿಯ ನತ್ತನ್ನು ಕಲೆಯೆಂದು ಒರೆಸಿ, ಸುಕ್ಕುಗಳಿಗೆ ಇಸ್ತ್ರಿ ಹಾಕಿ, ಯಾವುದೋ ಧಾರಾವಾಹಿಯ ಸೊಸೆಯನ್ನು ಕೂರಿಸಿಬಿಡಬಹುದು. ಬಣ್ಣದ ಕಥೆಯೂ ಅಷ್ಟೇ. ಕಪ್ಪು-ಬಿಳುಪು ಚಿತ್ರದಲ್ಲಿ ಉಳಿಯುವುದು ಬೆಳಕಿನ ಪ್ರಮಾಣ ಮಾತ್ರ. ಇಳಕಲ್ ಸೀರೆಯ ಸೆರಗು ಕೆಂಪೆಂದು ನಮಗೆ ಗೊತ್ತು, ಆ್ಯಪ್‌ಗೆ ಗೊತ್ತಿಲ್ಲ. ಸ್ಟುಡಿಯೋದಲ್ಲಿ ಫೋಟೋಶಾಪ್ ಮುಂದೆ ಕುಳಿತವರಿಗೆ ಅದನ್ನು ಹೇಳಬಹುದು, ಪಕ್ಕದಲ್ಲೇ ಕುಳಿತು ತಿದ್ದಿಸಬಹುದು. ಹಣವೂ ಸಮಯವೂ ಹೆಚ್ಚು ಬೇಕು, ನಿಜ. ಅಲ್ಲಿಯೂ ಅದೇ ಆ್ಯಪ್ ಬಳಸುವವರಿರುತ್ತಾರೆ, ಮೊದಲೇ ಕೇಳಿ. ಹಾರ ಹಾಕುವ ಫೋಟೋವಾದರೆ ನಾನಂತೂ ಸ್ಟುಡಿಯೋಗೇ ಹೋಗುತ್ತೇನೆ.

ಯಾವುದನ್ನು ಆರಿಸಿದರೂ ಸ್ಕ್ಯಾನ್ ಚೆನ್ನಾಗಿರಲಿ. 2×3 ಇಂಚಿನ ಚಿತ್ರವನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿದರೆ 300 ಡಿಪಿಐನ 4×6 ಇಂಚಿನ ಮುದ್ರಣ ಸಿಗುತ್ತದೆ. ಗೋಡೆಗೆ ದೊಡ್ಡದು ಬೇಕಿದ್ದರೆ 1200 ಡಿಪಿಐ ಸ್ಕ್ಯಾನ್ ಕೇಳಿ. ಗಾಜಿಗೆ ಅಂಟಿದ ಫೋಟೋವನ್ನು ಮಾತ್ರ ಕೀಳಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ.