ಎಂಟೂ ಲೈಟು ಉರಿದರೂ ನಂಬಬೇಡಿ: ತಪ್ಪು ಪಂಚಿಂಗ್ ಟೂಲ್‌ನಿಂದ ಕೆಟ್ಟ 24 ಪಾಯಿಂಟ್‌ಗಳು

ತುಮಕೂರಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೆಟ್‌ವರ್ಕಿಗೆ ಹೊಸದಾಗಿ 24 ಪಾಯಿಂಟ್ ಕ್ಯಾಟ್ 6 ಕೇಬಲ್ ವೈರಿಂಗ್ ಆಯಿತು. ಕೇಬಲ್ ಒಳ್ಳೆಯದು, ಕೇಬಲ್‌ಗಳೆಲ್ಲ ಬಂದು ಸೇರುವ ಪ್ಯಾಚ್ ಪ್ಯಾನಲ್ಲೂ ಒಳ್ಳೆಯದು. ಕೆಲಸ ಮುಗಿದ ದಿನ ವೈರಿಂಗ್‌ನವರು ಟೆಸ್ಟರ್ ಹಾಕಿ, ಕೇಬಲಿನ ಎಂಟು ತಂತಿಗೆ ಒಂದೊಂದರಂತೆ ಎಂಟೂ ಲೈಟು ತೋರಿಸಿ ದುಡ್ಡು ತೆಗೆದುಕೊಂಡು ಹೋದರು. ತಿಂಗಳು ತುಂಬುವಷ್ಟರಲ್ಲಿ ಏಳು ಪಾಯಿಂಟ್ 1000ದಿಂದ 100 ಎಂಬಿಪಿಎಸ್‌ಗೆ ಇಳಿದವು. ಇನ್ನೆರಡು ಆಗಾಗ ಕಟ್ ಆಗತೊಡಗಿದವು. ನೆಟ್‌ವರ್ಕ್ ಸ್ವಿಚ್ ಬದಲಾಯಿಸಿದರು, ಪಾಯಿಂಟಿಗೆ ಚುಚ್ಚುವ ಪ್ಯಾಚ್ ಕಾರ್ಡ್ ಬದಲಾಯಿಸಿದರು, ಪ್ರಯೋಜನವಾಗಲಿಲ್ಲ. ತಪ್ಪು ಇದ್ದದ್ದು ಗೋಡೆಯ ಐಓ ಬಾಕ್ಸ್ (ನೆಟ್ ಸಾಕೆಟ್ ಇರುವ ಡಬ್ಬಿ) ಒಳಗೆ, ಕೇಬಲಿನ ತಂತಿಗಳನ್ನು ಪಂಚಿಂಗ್ ಟೂಲ್‌ನಿಂದ ಒತ್ತಿ ಕೂರಿಸುವ ಜ್ಯಾಕ್‌ನಲ್ಲಿ.

1000 ಎಂಬಿಪಿಎಸ್‌ಗೆ ಕೇಬಲಿನ ನಾಲ್ಕೂ ಪೇರ್ (ಎರಡೆರಡು ತಂತಿ ತಿರುಚಿದ ಜೋಡಿ) ಬೇಕು. 100ಕ್ಕೆ ಎರಡೇ ಸಾಕು: ಬಿ ಕಲರ್ ಕೋಡ್‌ನಲ್ಲಾದರೆ (ತಂತಿ ಜೋಡಿಸುವ ಒಂದು ಬಣ್ಣದ ಕ್ರಮ) ಕಿತ್ತಳೆ ಮತ್ತು ಹಸಿರು. ಹಾಗಾಗಿ ನೀಲಿ ಅಥವಾ ಕಂದು ತಂತಿಯ ಹಿಡಿತ ಸಡಿಲವಾದರೆ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ ನಿಧಾನವಾಗುತ್ತದೆ. ಸ್ಪೀಡ್ ಸರಿಯಾಗಿ 100ಕ್ಕೆ ಬಂದು ನಿಂತಿದ್ದರೆ ಮೊದಲು ಜ್ಯಾಕ್ ಬಿಚ್ಚಿ ನೋಡಿ.

ಅಲ್ಲಿ ಬಿಚ್ಚಿದ ಜ್ಯಾಕನ್ನು ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ಸಾಕಿತ್ತು. ತಂತಿ ಕೂರುವ ಸೀಳಿನ ಎರಡು ಹಿತ್ತಾಳೆ ಬಣ್ಣದ ಹಲ್ಲುಗಳು ಅಗಲವಾಗಿ ಬಾಯಿ ಬಿಟ್ಟಿದ್ದವು. ತಂತಿ ಅವುಗಳ ನಡುವೆ ಓರೆಯಾಗಿ ಕೂತಿತ್ತು. ಒಂದೇ ಪಕ್ಕದ ಇನ್ಸುಲೇಷನ್ ಸುಲಿದಿತ್ತು, ಸೂಜಿ ತಾಗಿಸಿದರೆ ಅಲುಗಾಡುತ್ತಿತ್ತು. ಈ ಸೀಳು ತಾಮ್ರದ ತಂತಿಗಿಂತ ಕಿರಿದಾಗಿಯೇ ಇರುತ್ತದೆ. ತಂತಿ ನೇರವಾಗಿ ಇಳಿದಾಗ ಹಲ್ಲುಗಳು ಇನ್ಸುಲೇಷನ್ ಕತ್ತರಿಸಿ ತಾಮ್ರವನ್ನು ಸ್ಪ್ರಿಂಗಿನಂತೆ ಎರಡೂ ಕಡೆಯಿಂದ ಬಿಗಿಹಿಡಿಯಬೇಕು. ಒಮ್ಮೆ ಮಿತಿಮೀರಿ ಅಗಲವಾದ ಹಲ್ಲು ಮತ್ತೆ ಬಿಗಿಯಾಗುವುದಿಲ್ಲ, ಆ ಜ್ಯಾಕ್ ಎಸೆಯಲೇಬೇಕು.

ಕಾರಣ ಎರಡು. ಇಂಥ ಸೀಳಿನಲ್ಲಿ 110 ಮತ್ತು ಕ್ರೋನ್ ಎಂಬ ಮಾದರಿಗಳಿವೆ; ಅಲ್ಲಿನ ಜ್ಯಾಕ್‌ಗಳು 110 ಮಾದರಿಯವು, ಟೂಲ್ ಕ್ರೋನ್ ಬ್ಲೇಡಿನದು. ಟೆಲಿಫೋನ್ ಬಾಕ್ಸ್‌ಗಳಿಂದ ಬಂದ ಕ್ರೋನ್ ಮಾಡ್ಯೂಲ್‌ನಲ್ಲಿ ಹಲ್ಲು ತಂತಿಗೆ 45 ಡಿಗ್ರಿ ಓರೆಯಾಗಿರುತ್ತದೆ, ಬ್ಲೇಡನ್ನೂ ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ಅದು 110ರಲ್ಲಿ ಸರಿಯಾಗಿ ಕೂರುವುದಿಲ್ಲ. ಇನ್ನು ಇಳಿಯದ ತಂತಿಗಳನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಒತ್ತಿದ್ದರು. ಜ್ಯಾಕಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ, ಸ್ಕ್ರೂಡ್ರೈವರ್ ತುದಿ ಹಲ್ಲುಗಳ ಮಧ್ಯೆ ನುಗ್ಗಿ ಅವನ್ನೇ ಬಿಡಿಸುತ್ತದೆ.

ಎಂಟು ಲೈಟಿನ ಟೆಸ್ಟರ್ ಇದನ್ನು ಹಿಡಿಯಲಾರದು. ತಂತಿ ಸುಮ್ಮನೆ ತಾಗಿದ್ದರೂ ಅದರ ಲೈಟು ಉರಿಯುತ್ತದೆ. ವೈರ್ ಯಾವ ಪಿನ್ನಿಗೆ ಹೋಗಿದೆ ಎಂದಷ್ಟೇ ಅದು ಹೇಳುವುದು. ಕೆಲಸ ಒಪ್ಪಿಸಿಕೊಳ್ಳುವಾಗ ಪ್ರತಿ ಪಾಯಿಂಟಿಗೂ ಲ್ಯಾಪ್‌ಟಾಪ್ ಹಾಕಿ, ಲಿಂಕ್ 1 ಜಿಬಿಪಿಎಸ್ (1000 ಎಂಬಿಪಿಎಸ್) ಬಂತೇ ನೋಡಿ, ಹಾಗೇ ಒಂದು ದೊಡ್ಡ ಫೈಲ್ ಕಾಪಿ ಮಾಡುತ್ತಾ ಜ್ಯಾಕ್ ಹಿಂದಿನ ಕೇಬಲನ್ನು ಮೆಲ್ಲಗೆ ಅಲುಗಾಡಿಸಿ.

ಟೂಲ್ ಕೊಳ್ಳಲು ಊರಿನ ಅಂಗಡಿಗೆ ಹೋಗಿ, ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಿ, ಜ್ಯಾಕ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಜ್ಯಾಕ್ ಮೇಲೆ ಅಥವಾ ಪೊಟ್ಟಣದ ಮೇಲೆ 110 ಎಂದಿದೆಯೋ, ಕ್ರೋನ್ ಎಂದಿದೆಯೋ ಓದಿ. ಎರಡೂ ಬರೆದಿದ್ದರೆ ಯಾವ ಬ್ಲೇಡಾದರೂ ಆದೀತು. ಸ್ಪ್ರಿಂಗ್ ಇರುವ, ಒತ್ತಡ ಹೆಚ್ಚು ಕಡಿಮೆ ಮಾಡುವ, ಬ್ಲೇಡ್ ತಿರುಗಿಸಿ ತೆಗೆಯಬಹುದಾದ ಟೂಲ್ ತೆಗೆದುಕೊಳ್ಳಿ. ಜ್ಯಾಕ್ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಟೂಲ್ ಒಂದೆರಡು ಪಾಯಿಂಟಿಗೆ ಸಾಕು, ಅದು ತಂತಿಯ ತುದಿ ಕತ್ತರಿಸುವುದಿಲ್ಲ.

ಬಳಸುವಾಗ ಒತ್ತಡ ಕಡಿಮೆ ಕಡೆ ಇಡಿ. ಬ್ಲೇಡಿನ ಕತ್ತರಿಸುವ ಅಂಚು ಜ್ಯಾಕಿನ ಹೊರಗಡೆಗೇ ಇರಬೇಕು. ತಿರುಗುಮುರುಗಾದರೆ ಕೇಬಲ್ ಕಡೆಯ ತಂತಿಯೇ ತುಂಡಾಗುತ್ತದೆ, ಮೇಲಿಂದ ನೋಡಿದರೆ ಚೆನ್ನಾಗಿ ಕೂತಂತೆ ಕಾಣುತ್ತದೆ. ಟೂಲನ್ನು ನೆಟ್ಟಗೆ ಹಿಡಿದು ಟಕ್ ಎನ್ನುವವರೆಗೆ ಒಮ್ಮೆ ಒತ್ತಿ. ಜ್ಯಾಕನ್ನು ಗಟ್ಟಿ ಮೇಜಿನ ಮೇಲಿಡಿ, ಅಂಗೈ ಮೇಲೆ ಇಟ್ಟು ಒತ್ತಬೇಡಿ, ಬ್ಲೇಡ್ ಜಾರಿದರೆ ನೇರವಾಗಿ ಕೈಗೇ ಇಳಿಯುತ್ತದೆ. ಪೇರ್‌ಗಳ ತಿರುಚನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬೇಡಿ. ಎಳೆ ಎಳೆಯಾಗಿರುವ ಪ್ಯಾಚ್ ಕಾರ್ಡ್ ವೈರನ್ನು ಈ ಜ್ಯಾಕ್‌ಗೆ ಹಾಕಬೇಡಿ, ಇವು ಒಂಟಿ ತಂತಿಗೆಂದೇ ಮಾಡಿದವು. ತಂತಿಯ ಮೈಯನ್ನು ಬ್ಲೇಡಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಎಂಥ ಟೂಲ್ ಇದ್ದರೂ ಅದು ಹಲ್ಲಿನ ಹತ್ತಿರವೇ ಮುರಿಯಬಹುದು, ವಾಪಸ್ ಕೊಡಿ.

ಆ ಆಫೀಸಿನಲ್ಲಿ 24 ಜ್ಯಾಕೂ ಹೊಸದು ಹಾಕಬೇಕಾಯಿತು. ಹಳೆಯ ತುದಿಯನ್ನು 3 ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರದ ಮೇಲೆಯೇ ಪಂಚ್ ಮಾಡಬೇಕು, ಒಮ್ಮೆ ಕಚ್ಚಿದ ಜಾಗದಲ್ಲಿ ಮತ್ತೆ ಮಾಡಬಾರದು. ಎರಡು ಬಾಕ್ಸ್‌ನಲ್ಲಿ ಕೇಬಲನ್ನು ಗೋಡೆಗೆ ಸಮವಾಗಿ ಕತ್ತರಿಸಿಟ್ಟಿದ್ದರಿಂದ ಅಷ್ಟೂ ಉಳಿದಿರಲಿಲ್ಲ. ಆ ಎರಡಕ್ಕೂ ರ‍್ಯಾಕ್‌ನಿಂದ ಹೊಸ ಕೇಬಲ್ ಎಳೆದದ್ದಾಯಿತು. ಬಾಕ್ಸ್ ಮುಚ್ಚುವ ಮೊದಲು ಒಳಗೆ ಒಂದು ಗೇಣು ಕೇಬಲ್ ಸುತ್ತಿಡಿಸಿ.