ಕೆರಿಬಿಯನ್ ಕ್ರೂಸ್: ದಡಕ್ಕಿಳಿದ ಮೇಲೆ ಹಡಗಿನ ಟೂರೋ, ಊರಿನವರ ಟೂರೋ, ಟ್ಯಾಕ್ಸಿಯೋ?

ಮಯಾಮಿಯಿಂದ ಏಳು ರಾತ್ರಿಯ ಕ್ರೂಸ್ ಹತ್ತಿದರೆ ನೆಲಕ್ಕೆ ಕಾಲಿಡಲು ಸಿಗುವುದು ಮೂರೋ ನಾಲ್ಕೋ ದಿನ. ಒಂದೊಂದು ಬಂದರಿನಲ್ಲಿ ಆರರಿಂದ ಒಂಬತ್ತು ತಾಸು. ಆ ತಾಸುಗಳಿಗೆ ದಾರಿ ಮೂರು: ಹಡಗಿನ ಕಂಪನಿಯೇ ಮಾರುವ ಟೂರ್, ಆಯಾ ಊರಿನ ಆಪರೇಟರ್ ಹತ್ತಿರ ನೇರವಾಗಿ ಬುಕ್ ಮಾಡುವ ಟೂರ್, ಇಲ್ಲವೇ ಬಂದರಿನ ಗೇಟ್ ದಾಟಿ ಟ್ಯಾಕ್ಸಿ ಹಿಡಿಯುವುದು. ಮೂರನ್ನೂ ಬೇರೆ ಬೇರೆ ಬಂದರುಗಳಲ್ಲಿ ಮಾಡಿ ನೋಡಿದ ಮೇಲೆ ತಿಳಿದದ್ದು ಇಷ್ಟು: ಯಾವುದು ಅಗ್ಗ ಎಂಬಲ್ಲಿಂದ ಶುರು ಮಾಡಿದರೆ ಆಯ್ಕೆ ಕೆಡುತ್ತದೆ. ನೋಡಬೇಕಾದ ಜಾಗಕ್ಕೂ ಹಡಗಿಗೂ ನಡುವೆ ಏನಿದೆ ಎಂದು ಮೊದಲು ನಕ್ಷೆ ಬಿಚ್ಚಿ ನೋಡಬೇಕು. ನಡುವೆ ಫೆರಿ ಇದೆಯೇ, ಒಂದೇ ರಸ್ತೆ ಇದೆಯೇ, ನಡೆದೇ ವಾಪಸಾಗಬಹುದೇ? ಉತ್ತರ ಬಂದರಿನಿಂದ ಬಂದರಿಗೆ ಬದಲಾಗುತ್ತದೆ. ಹಾಗಾಗಿ ಇಡೀ ಪ್ರವಾಸಕ್ಕೆ ಒಂದೇ ದಾರಿ ಹಿಡಿಯುವವರು ಎಲ್ಲೋ ಒಂದು ಕಡೆ ಹಣವನ್ನೋ ಹೊತ್ತನ್ನೋ ಕಳೆದುಕೊಳ್ಳುತ್ತಾರೆ.

ಹಡಗಿನ ಟೂರಿಗೆ ಕೊಡುವ ಹೆಚ್ಚಿನ ಹಣ ಗೈಡ್‌ಗೆ ಹೋಗುವುದಲ್ಲ. ಹಡಗಿನ ಕಂಪನಿಗಳು ಟೂರ್ ನಡೆಸುವ ಕೆಲಸವನ್ನು ಸ್ಥಳೀಯ ಆಪರೇಟರ್‌ಗಳಿಗೇ ವಹಿಸುತ್ತವೆ. ಹೊರಗೆ ಬುಕ್ ಮಾಡಿದರೂ ಕೆಲವೊಮ್ಮೆ ಅದೇ ಬಸ್ಸು, ಅದೇ ದೋಣಿ ಸಿಗುತ್ತದೆ. ಹೆಚ್ಚಿನ ಹಣ ಹೋಗುವುದು ಒಂದು ಭರವಸೆಗೆ: ಟೂರ್ ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಕಂಪನಿ ತನ್ನ ಖರ್ಚಿನಲ್ಲಿ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುತ್ತದೆ. ಟೂರ್ ಮುಗಿಯುತ್ತಲೇ ಗುಂಪು ಬಿಟ್ಟು ಪೇಟೆಯಲ್ಲಿ ಇಳಿದುಕೊಂಡರೆ ಆ ಭರವಸೆ ಅಲ್ಲಿಗೆ ಮುಗಿಯಿತು.

ಊರಿನ ಆಪರೇಟರ್‌ಗಳೂ ‘ಹಡಗಿಗೆ ವಾಪಸ್ ಗ್ಯಾರಂಟಿ’ ಎಂದು ಬರೆದುಕೊಳ್ಳುತ್ತಾರೆ. ಅದನ್ನು ಗಮನವಿಟ್ಟು ಓದಿ. ಹಡಗು ನಿಮಗಾಗಿ ಕಾಯುತ್ತದೆ ಎಂಬ ಅರ್ಥ ಅದಕ್ಕಿಲ್ಲ. ತಪ್ಪಿಸಿಕೊಂಡರೆ ಮುಂದಿನ ಬಂದರಿಗೆ ಹೋಗುವ ಖರ್ಚು ಕೊಡುತ್ತೇವೆ ಎಂದಷ್ಟೇ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಇಲ್ಲಿ ಖರ್ಚಿಗಿಂತ ದೊಡ್ಡ ತೊಡಕಿದೆ. ಹಡಗಿನಿಂದ ಇಳಿದು ಅದೇ ದಿನ ಹತ್ತುವವರಿಗೆ ಸಿಗುವ ರಿಯಾಯಿತಿ, ವಿಮಾನದಲ್ಲಿ ಇನ್ನೊಂದು ದೇಶಕ್ಕೆ ಹೋಗುವವರಿಗೆ ಸಿಗುವುದಿಲ್ಲ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ಉಳಿದ ದ್ವೀಪಗಳ ನಿಯಮ ಒಂದೊಂದಕ್ಕೂ ಬೇರೆ. ಹೊರಡುವ ಮೊದಲೇ ದಾರಿಯ ಪ್ರತಿ ದೇಶದ ನಿಯಮ ನೋಡಿಟ್ಟುಕೊಂಡರೆ, ಎಲ್ಲಿ ಹಡಗು ತಪ್ಪಿದರೆ ನಿಭಾಯಿಸಬಹುದು, ಎಲ್ಲಿ ಆಗದು ಎಂಬುದು ತಿಳಿಯುತ್ತದೆ. ಆಗದ ಕಡೆ ಹಡಗಿನ ಟೂರೇ ಸರಿ. ಹೊರಗಿನ ಟೂರಿಗೆ ಹೋಗುವ ದಿನ ಪಾಸ್‌ಪೋರ್ಟ್ ಜಿಪ್ ಚೀಲದಲ್ಲಿ ಹಾಕಿ ಜೊತೆಗೇ ಒಯ್ಯುವುದು ಒಳ್ಳೆಯದು. ಕಡಲಿಗಿಳಿಯುವ ದಿನವಾದರೆ ಕೋಣೆಯ ಸೇಫ್‌ನಲ್ಲಿಟ್ಟು ಫೋಟೊ ಪ್ರತಿ ಒಯ್ಯಿರಿ; ನೀರಲ್ಲಿ ನೆನೆದ ಪಾಸ್‌ಪೋರ್ಟ್ ಯಾರಿಗೂ ಉಪಯೋಗವಿಲ್ಲ.

ಗಡಿಯಾರದ ಗೊಂದಲ

ಹಡಗು ತಪ್ಪಿಸಿಕೊಳ್ಳುವವರಲ್ಲಿ ಎಷ್ಟೋ ಮಂದಿ ಸೋಮಾರಿಗಳಲ್ಲ, ಫೋನ್ ನಂಬಿದವರು. ಕೋಜುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾ ಮೂರೂ ವರ್ಷವಿಡೀ ಒಂದೇ ಸಮಯದಲ್ಲಿರುತ್ತವೆ. ಕೋಜುಮೆಲ್ ದ್ವೀಪ ಇರುವ ಮೆಕ್ಸಿಕೋದ ಕಿಂಟಾನಾ ರೂ ರಾಜ್ಯ 2015ರಲ್ಲಿ ಈ ಸಮಯಕ್ಕೆ ಬಂತು. ಫ್ಲೋರಿಡಾ ಮಾತ್ರ ಮಾರ್ಚ್‌ನಿಂದ ನವೆಂಬರ್ ಮೊದಲ ವಾರದವರೆಗೆ ಗಡಿಯಾರವನ್ನು ಒಂದು ತಾಸು ಮುಂದೆ ಇಡುತ್ತದೆ. ಹಡಗು ಮಯಾಮಿಯ ಸಮಯವನ್ನೇ ಉಳಿಸಿಕೊಂಡಿದೆ ಎಂದುಕೊಳ್ಳಿ. ಜುಲೈನಲ್ಲಿ ಕೋಜುಮೆಲ್ ದಡದಲ್ಲಿ ನಿಮ್ಮ ಫೋನ್ ಅಲ್ಲಿನ ಟವರ್ ಹಿಡಿದು 3:30 ಎಂದು ತೋರಿಸುವಾಗ ಹಡಗಿನಲ್ಲಿ 4:30 ಆಗಿರುತ್ತದೆ. ಒಂದು ತಾಸು ಇದೆ ಎಂದು ಕುಳಿತವರ ಕಣ್ಣೆದುರೇ ಹಡಗು ಹೊರಡುತ್ತದೆ.

ಅಮೆರಿಕದ ವರ್ಜಿನ್ ದ್ವೀಪಗಳಲ್ಲೊಂದಾದ ಸೇಂಟ್ ಥಾಮಸ್‌ನಲ್ಲಿ ಚಳಿಗಾಲದಲ್ಲಿ ಇದು ತಿರುವುಮುರುವು. ಅಲ್ಲಿಯ ಸಮಯ ಮಯಾಮಿಗಿಂತ ಒಂದು ತಾಸು ಮುಂದೆ. ಹಡಗು ತಪ್ಪುವುದಿಲ್ಲ, ಆದರೆ ಹೊರಗೆ ಬುಕ್ ಮಾಡಿದ ಒಂಬತ್ತು ಗಂಟೆಯ ಟೂರ್ ನೀವು ಹೋಗುವಷ್ಟರಲ್ಲಿ ಹೊರಟಿರುತ್ತದೆ. ಆದ್ದರಿಂದ ಬುಕ್ ಮಾಡುವಾಗಲೇ ಆಪರೇಟರ್‌ಗೆ ಹಡಗಿನ ಹೆಸರು, ದಿನಾಂಕ ಬರೆದು ‘ಇದು ಹಡಗಿನ ಸಮಯವೋ ಊರಿನ ಸಮಯವೋ’ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಹಡಗಿನ ಸಮಯಕ್ಕೆ ಹೊಂದಿಸಿದ ಸಾದಾ ಕೈಗಡಿಯಾರ ಕಟ್ಟಿಕೊಳ್ಳಿ. ಹಡಗು ಗಡಿಯಾರ ಬದಲಿಸುತ್ತದೋ ಇಲ್ಲವೋ ಎಂಬುದು ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿ ಹಾಳೆಯಲ್ಲೋ ಆ್ಯಪ್‌ನಲ್ಲೋ ಇರುತ್ತದೆ. ಇನ್ನೊಂದು ಮಾತು: ಲೆಕ್ಕ ಹಾಕಬೇಕಾದದ್ದು ಹಡಗು ಹೊರಡುವ ಹೊತ್ತಿನಿಂದ ಅಲ್ಲ, ‘ಎಲ್ಲರೂ ಒಳಗಿರಬೇಕು’ ಎಂಬ ಹೊತ್ತಿನಿಂದ. ಅದು ಸಾಮಾನ್ಯವಾಗಿ ಅರ್ಧ ತಾಸು ಮೊದಲು. ರಸ್ತೆಯಲ್ಲಿ ಬರುವುದಾದರೆ ಅದಕ್ಕೂ ಒಂದೂವರೆ ತಾಸು ಮುಂಚೆ ಬಂದರಿನಲ್ಲಿರುವ ಹಾಗೆ, ನೀರು ದಾಟಿ ಬರುವುದಾದರೆ ಎರಡು ತಾಸು ಮುಂಚೆ ಇರುವ ಹಾಗೆ ಟೂರ್ ಆರಿಸಿ.

ಕೋಜುಮೆಲ್

ಮೂರು ದಾರಿಗಳ ವ್ಯತ್ಯಾಸ ಇಲ್ಲಿಯಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ. ಮಾಯಾ ಜನರ ಹಳೆಯ ನಗರ ಟುಲುಮ್ ಕೋಜುಮೆಲ್ ಬಂದರಿನ ಟೂರ್ ಪಟ್ಟಿಯಲ್ಲಿದ್ದರೂ ಆ ದ್ವೀಪದಲ್ಲಿಲ್ಲ. ಮುಖ್ಯಭೂಮಿಯ ಪ್ಲಾಯಾ ದೆಲ್ ಕಾರ್ಮೆನ್‌ಗೆ ಫೆರಿಯಲ್ಲಿ ಸುಮಾರು 45 ನಿಮಿಷ, ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸು, ಇಳಿದ ಮೇಲೆ ಬಿಸಿಲಲ್ಲಿ ನಡಿಗೆ. ಎಂಟು ತಾಸು ನಿಲ್ಲುವ ಹಡಗಿನಿಂದ ನೀವೇ ಹೋದರೆ ಫೆರಿ ಕಾಯುವುದು, ಟಿಕೆಟ್ ಸಾಲು ಎಲ್ಲ ಸೇರಿ ಹೋಗಲು ಮೂರು, ಬರಲು ಮೂರು ತಾಸು. ಹಡಗಿಗೆ ಮುಂಚೆಯೇ ಮರಳಬೇಕಾದ ಹೊತ್ತನ್ನೂ ಕಳೆದರೆ ನಗರದೊಳಗೆ ಉಳಿಯುವುದು ಒಂದು ತಾಸೂ ಇಲ್ಲ. ಸಾಲದ್ದಕ್ಕೆ ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿದರೆ ಫೆರಿ ನಿಲ್ಲುತ್ತದೆ. ಟುಲುಮ್ ನೋಡಲೇಬೇಕು ಎಂದಾದರೆ ಹಡಗಿನ ಟೂರ್ ಬಿಟ್ಟು ಬೇರೆ ಯೋಚಿಸಬೇಡಿ. ಮಾಯಾ ಜನರದೇ ಇನ್ನೊಂದು ಹಳೆಯ ನಗರ ಚಿಚೆನ್ ಇಟ್ಸಾ ಅದಕ್ಕೂ ದೂರ, ಒಳನಾಡಿನಲ್ಲಿ; ಒಂದು ದಿನದ ಬಂದರಿಗೆ ಅದು ಬಸ್ ಪ್ರಯಾಣವಷ್ಟೇ.

ಅದೇ ಕೋಜುಮೆಲ್‌ನಲ್ಲಿ ಸ್ನಾರ್ಕೆಲಿಂಗ್ (ಉಸಿರುಕೊಳವೆ ಕಚ್ಚಿ ತೇಲುತ್ತ ನೀರಿನೊಳಗೆ ನೋಡುವುದು) ಆದರೆ ಉತ್ತರ ಪೂರ್ತಿ ಬದಲಾಗುತ್ತದೆ. ಪಲಂಕಾರ್ ಹವಳದ ದಿಬ್ಬಗಳು, ಎಲ್ ಸಿಯೆಲೋ ಎಂಬ ನಕ್ಷತ್ರಮೀನಿನ ಮರಳುತಿಟ್ಟು ದ್ವೀಪದ ನೈಋತ್ಯ ಅಂಚಿನಲ್ಲಿ, ಬಂದರಿರುವ ಬದಿಯಲ್ಲೇ ಇವೆ. ಹಡಗಿನ ಟೂರ್‌ನಲ್ಲಿ ದೊಡ್ಡ ಕಟಮರಾನ್ ದೋಣಿ, ನಲವತ್ತು ಐವತ್ತು ಜನ. ಎಲ್ಲರೂ ಮೆಟ್ಟಿಲಿಳಿದು ನೀರಿಗೆ ಸೇರುವಷ್ಟರಲ್ಲೇ ಕಾಲು ತಾಸು ಕಳೆಯುತ್ತದೆ. ಊರಿನವರ ಸಣ್ಣ ದೋಣಿಯಲ್ಲಿ ಎಂಟು ಹತ್ತು ಜನ. ಇಲ್ಲಿ ನೀರಿನ ಸೆಳೆತ ಸದಾ ಇರುತ್ತದೆ. ಒಂದು ಕಡೆ ಇಳಿದು ಸೆಳೆತದೊಂದಿಗೆ ತೇಲಿಹೋಗಿ, ಹಿಂದೆಯೇ ಬರುವ ದೋಣಿಗೆ ಇನ್ನೊಂದು ಕಡೆ ಹತ್ತುವುದು ಇಲ್ಲಿಯ ಪದ್ಧತಿ. ಗುಂಪು ಚಿಕ್ಕದಿದ್ದಷ್ಟೂ ಗೈಡ್ ಕಣ್ಣು ಎಲ್ಲರ ಮೇಲಿರುತ್ತದೆ. ಈಜು ಗಟ್ಟಿಯಿಲ್ಲದವರು ಲೈಫ್ ಜಾಕೆಟ್ ಬಿಚ್ಚಬಾರದು. ಇಲ್ಲಿ ಸಣ್ಣ ದೋಣಿಯೇ ಮೇಲು, ಅನುಮಾನವೇ ಬೇಡ.

ಟ್ಯಾಕ್ಸಿಗೆ ಮೀಟರ್ ಇಲ್ಲ. ಹತ್ತುವ ಮೊದಲೇ ದರ ಕೇಳಿ, ಅದು ಕಾರಿಗೋ ತಲೆಗೋ, ಡಾಲರೋ ಪೆಸೋವೋ ಎಂದು ಖಚಿತಪಡಿಸಿಕೊಳ್ಳಿ. ದ್ವೀಪದೊಳಗೇ ಇರುವ ಸ್ಯಾನ್ ಗೆರ್ವಾಸಿಯೋ ಎಂಬ ಮಾಯಾ ಅವಶೇಷ ಇಷ್‌ಚೆಲ್ ದೇವಿಯ ಯಾತ್ರಾಸ್ಥಳವಾಗಿತ್ತು. ಟುಲುಮ್‌ನ ಕಡಲಂಚಿನ ವೈಭವ ಅಲ್ಲಿಲ್ಲ, ಗೋಡೆಗಳು ಗಿಡ್ಡ. ಆದರೂ ಮಕ್ಕಳಿದ್ದವರಿಗೆ, ಟ್ಯಾಕ್ಸಿಯಲ್ಲಿ ಹೋಗಿ ಅರ್ಧ ದಿನದಲ್ಲಿ ಬರುವವರಿಗೆ ಅದು ಒಳ್ಳೆಯ ಬದಲಿ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ: ಮೆಕ್ಸಿಕೋದಲ್ಲಿ ಅರೆದು ಹುರಿದ ಬೀನ್ಸ್ ಕಾಳಿಗೆ ಹಂದಿಯ ಕೊಬ್ಬು ಹಾಕುವುದುಂಟು. ‘ಸಿನ್ ಮಾಂತೇಕಾ’ ಎಂದು ಕೇಳಿ.

ಗ್ರ್ಯಾಂಡ್ ಕೇಮನ್

ಇಲ್ಲಿಯ ಬಂದರು ಪಟ್ಟಣ ಜಾರ್ಜ್ ಟೌನ್‌ನಲ್ಲಿ ಕ್ರೂಸ್ ಹಡಗಿಗೆ ಕಟ್ಟೆಯಿಲ್ಲ. ಹಡಗು ಕಡಲಲ್ಲೇ ನಿಲ್ಲುತ್ತದೆ, ಜನ ಟೆಂಡರ್ ದೋಣಿಯಲ್ಲಿ ದಡಕ್ಕೆ ಹೋಗುತ್ತಾರೆ. ಹಡಗಿನ ಟೂರ್ ಕೊಂಡವರನ್ನು ಥಿಯೇಟರಿನಲ್ಲಿ ಸೇರಿಸಿ, ಸ್ಟಿಕ್ಕರ್ ಅಂಟಿಸಿ, ಮೊದಲು ಇಳಿಸುತ್ತಾರೆ. ಉಳಿದವರು ಟೆಂಡರ್ ಚೀಟಿ ತೆಗೆದುಕೊಂಡು ಸಂಖ್ಯೆ ಕರೆಯುವವರೆಗೆ ಕಾಯಬೇಕು. ಹಾಗಾಗಿ ಹೊರಗಿನ ಟೂರ್ ಬುಕ್ ಮಾಡುವವರು ಹಡಗು ತಲುಪುವ ಹೊತ್ತಿಗೆ ಕನಿಷ್ಠ ಎರಡು ತಾಸು ಸೇರಿಸಿ ಹೊತ್ತು ಗೊತ್ತುಮಾಡಬೇಕು. ವಾಪಸಾಗುವಾಗ ನೋಡಬೇಕಾದದ್ದು ಕೊನೆಯ ಟೆಂಡರ್ ಸಮಯ.

ಅಲೆ ಎದ್ದರೆ ಟೆಂಡರ್ ಓಡುವುದಿಲ್ಲ, ಹಡಗು ಈ ಬಂದರನ್ನೇ ಬಿಟ್ಟು ಮುಂದೆ ಹೋಗುತ್ತದೆ. ಹಡಗಿನ ಟೂರಿನ ಹಣ ತಾನಾಗಿ ಮರಳುತ್ತದೆ. ಹೊರಗೆ ಮುಂಗಡ ಕೊಟ್ಟಿದ್ದರೆ ‘ಹಡಗು ಬರದಿದ್ದರೆ ಪೂರ್ತಿ ವಾಪಸ್’ ಎಂಬ ಸಾಲು ರಸೀತಿಯಲ್ಲೇ ಇರಬೇಕು. ಆ ಸಾಲಿಲ್ಲದ ಆಪರೇಟರ್ ಎಷ್ಟು ಅಗ್ಗವಾದರೂ ಬೇಡ.

ಎಲ್ಲರೂ ಹೋಗುವುದು ಸ್ಟಿಂಗ್‌ರೇ ಸಿಟಿಗೆ. ನಾರ್ತ್ ಸೌಂಡ್ ಎಂಬ ಕೊಲ್ಲಿಯ ನಡುವೆ ಸೊಂಟಮಟ್ಟದ ನೀರಿರುವ ಮರಳುತಿಟ್ಟು. ಹಿಂದೆ ಮೀನುಗಾರರು ಅಲ್ಲಿ ಮೀನು ಕತ್ತರಿಸಿ ಬಿಸಾಡುತ್ತಿದ್ದುದರಿಂದ ತೊರಕೆ ಮೀನುಗಳು ಸೇರಿದವು. ಕಾಲನ್ನು ಎತ್ತಿ ಇಡದೆ ಮರಳಲ್ಲಿ ಎಳೆದುಕೊಂಡು ನಡೆಯಬೇಕು. ತುಳಿದರೆ ಮಾತ್ರ ಬಾಲದ ಮುಳ್ಳು ಚುಚ್ಚುವ ಅಪಾಯ. ಹಡಗಿನ ಟೂರ್ ಆದರೂ ಹೊರಗಿನದಾದರೂ ನೀರೂ ಮೀನೂ ಅವೇ. ವ್ಯತ್ಯಾಸ ಇರುವುದು ಗದ್ದಲದಲ್ಲಿ. ಮೂರು ನಾಲ್ಕು ಹಡಗು ನಿಂತ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ತಿಟ್ಟಿನ ಮೇಲೆ ಜಾತ್ರೆ. ಸಣ್ಣ ದೋಣಿಯವರು ಹೊತ್ತು ಹೊಂದಿಸಿಕೊಂಡು ಜನ ಕಡಿಮೆಯಾದ ಮೇಲೆ ಕರೆದೊಯ್ಯಬಲ್ಲರು, ದೊಡ್ಡ ದೋಣಿಗೆ ಆ ಸ್ವಾತಂತ್ರ್ಯವಿಲ್ಲ. ರಸ್ತೆಯ ದೂರವೂ ಕಡಿಮೆ, ಕೊಲ್ಲಿಯ ನೀರೂ ಶಾಂತ. ಇಲ್ಲಿ ಊರಿನವರ ಟೂರ್ ನಂಬಬಹುದು.

ಬರೀ ಬೀಚ್ ಸಾಕೆನ್ನುವವರು ಟೂರ್ ಕೊಳ್ಳುವುದು ಹಣ ಚೆಲ್ಲಿದಂತೆ. ಸೆವೆನ್ ಮೈಲ್ ಬೀಚ್‌ಗೆ ಪಟ್ಟಣದಿಂದ ಮಿನಿ ಬಸ್ಸುಗಳಿವೆ. ದಕ್ಷಿಣ ತುದಿಯಲ್ಲಿ ಮರಳು ಕೊಚ್ಚಿಹೋಗಿದೆ, ಉತ್ತರದ ಕಡೆ ಹೋಗಿ. ಬೆಲೆಪಟ್ಟಿ ನೋಡುವಾಗ ಅದು ಯಾವ ಡಾಲರ್ ಎಂದು ಕೇಳಿ: ಒಂದು ಕೇಮನ್ ಡಾಲರ್ ಎಂದರೆ 1.20 ಅಮೆರಿಕನ್ ಡಾಲರ್.

ಜಮೈಕಾ

ಡನ್ಸ್ ರಿವರ್ ಜಲಪಾತಕ್ಕೆ ಹೋಗುವುದಾದರೆ ಮೊದಲು ನಿಮ್ಮ ಹಡಗು ಯಾವ ಊರಲ್ಲಿ ನಿಲ್ಲುತ್ತದೆ ನೋಡಿ. ಓಚೋ ರಿಯೋಸ್ ಆದರೆ ಜಲಪಾತ ಕೆಲವೇ ಕಿಲೋಮೀಟರ್, ಪರವಾನಗಿ ಇರುವ ಟ್ಯಾಕ್ಸಿ ಸಾಕು. ಅಂಥ ವಾಹನಕ್ಕೆ ಕೆಂಪು ನಂಬರ್ ಪ್ಲೇಟ್ ಇರುತ್ತದೆ, ಅದಿಲ್ಲದ್ದನ್ನು ಹತ್ತಬೇಡಿ. ಫಾಲ್ಮತ್‌ನಲ್ಲಿ ನಿಂತರೆ ಕರಾವಳಿಯ ಹೆದ್ದಾರಿಯಲ್ಲಿ ಒಂದು ತಾಸಿಗೂ ಹೆಚ್ಚು. ಅಪಘಾತವಾಗಿ ರಸ್ತೆ ಕಟ್ಟಿದರೆ ಬಳಸಿ ಬರಲು ಸುಲಭದ ದಾರಿಯಿಲ್ಲ. ಅಲ್ಲಿಂದಾದರೆ ಹಡಗಿನ ಟೂರ್.

ಜಲಪಾತ ಹತ್ತುವುದು ಸುಮಾರು 180 ಮೀಟರ್ ಉದ್ದ, ಕಲ್ಲಿನ ಮೆಟ್ಟಿಲಿನಂಥ ಹರಿವಿನಲ್ಲಿ, ಕೈ ಕೈ ಹಿಡಿದು ಸಾಲಾಗಿ. ಹಡಗಿನ ಟೂರ್‌ನಲ್ಲಿ ಸಾಲು ಉದ್ದ. ಮುಂದಿನವರೊಬ್ಬರು ಜಾರಿದರೆ ಹಿಂದಿನವರೂ ತಣ್ಣೀರಲ್ಲಿ ನಿಂತಿರಬೇಕು. ಟ್ಯಾಕ್ಸಿಯಲ್ಲಿ ಬೇಗ ಹೋದರೆ ಬಂಡೆ ಖಾಲಿ ಸಿಗುತ್ತದೆ. ರಬ್ಬರ್ ಅಡಿಯ ವಾಟರ್ ಶೂ ಮನೆಯಿಂದಲೇ ಒಯ್ಯಿರಿ, ಚಪ್ಪಲಿ ಹರಿವಿನಲ್ಲಿ ಕಾಲಿಂದ ಕಳಚಿಹೋಗುತ್ತದೆ. ಮೊಣಕಾಲು ನೋವಿರುವವರಿಗೆ ಪಕ್ಕದಲ್ಲೇ ಒಣ ಮೆಟ್ಟಿಲುಗಳಿವೆ. ಊಟಕ್ಕೆ, ರಾಸ್ತಫಾರಿ ಎಂಬ ಇಲ್ಲಿಯ ಧಾರ್ಮಿಕ ಪಂಥದವರ ‘ಐಟಲ್’ ಅಡುಗೆ ಸಸ್ಯಾಹಾರವೇ, ಹೆಚ್ಚಾಗಿ ಉಪ್ಪು ಕಡಿಮೆ. ಟೂರ್‌ನ ಕೋಳಿ ಅನ್ನದ ಪೊಟ್ಟಣಕ್ಕಿಂತ ಹುಡುಕಿ ತಿನ್ನಲು ಯೋಗ್ಯ.

ಸೇಂಟ್ ಥಾಮಸ್, ಸೇಂಟ್ ಮಾರ್ಟನ್

ಸೇಂಟ್ ಥಾಮಸ್‌ನಲ್ಲಿ ಮ್ಯಾಗೆನ್ಸ್ ಬೇ ಬೀಚ್‌ಗೆ ಬದಿ ತೆರೆದ ಸಫಾರಿ ಟ್ಯಾಕ್ಸಿಗಳು ತಲೆಗಿಷ್ಟು ಎಂಬ ನಿಗದಿತ ದರದಲ್ಲಿ ಓಡುತ್ತವೆ. ಹಡಗಿನ ‘ಬೀಚ್ ಟೂರ್’ ಕೊಡುವುದು ಹೆಚ್ಚುಕಡಿಮೆ ಅದೇ ಸವಾರಿ. ಟ್ಯಾಕ್ಸಿ ತುಂಬುವವರೆಗೆ ಕಾಯಿಸುತ್ತಾರೆ. ಮಧ್ಯಾಹ್ನ ಮೂರರ ಮೇಲೆ ಎಲ್ಲರೂ ಒಟ್ಟಿಗೇ ಹೊರಡುವುದರಿಂದ ಸಾಲು ಬೆಳೆಯುತ್ತದೆ, ಎರಡೂವರೆಗೇ ಎದ್ದುಬಿಡಿ. ಪಕ್ಕದ ಸೇಂಟ್ ಜಾನ್ ದ್ವೀಪದ ಟ್ರಂಕ್ ಬೇಗೆ ಮಾತ್ರ ನಡುವೆ ಮತ್ತೆ ಫೆರಿ: ರೆಡ್ ಹುಕ್‌ನಿಂದ 20 ನಿಮಿಷ. ಹಡಗು ಸಂಜೆ ಐದರ ಮೇಲೆ ಹೊರಡುವುದಿದ್ದರೆ ನೀವೇ ಹೋಗಬಹುದು, ಅದಕ್ಕೂ ಮುಂಚೆಯಾದರೆ ಹಡಗಿನ ಟೂರ್. ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರುವ ಸನ್‌ಸ್ಕ್ರೀನ್‌ಗೆ ಸೇಂಟ್ ಥಾಮಸ್, ಸೇಂಟ್ ಜಾನ್ ದ್ವೀಪಗಳಲ್ಲಿ 2020ರಿಂದ ನಿಷೇಧವಿದೆ. ಜಿಂಕ್ ಆಕ್ಸೈಡ್ ಇರುವುದನ್ನೇ ಒಯ್ಯಿರಿ.

ಸೇಂಟ್ ಮಾರ್ಟನ್‌ನಲ್ಲಿ ತಲೆಯ ಮೇಲೆ ವಿಮಾನ ಇಳಿಯುವ ಮಾಹೋ ಬೀಚ್‌ಗೆ ದೂರ ಕಡಿಮೆ, ಆದರೆ ರಸ್ತೆ ಸಿಂಪ್ಸನ್ ಬೇಯ ತೆರೆಯುವ ಸೇತುವೆಯ ಮೇಲೆ ಹೋಗುತ್ತದೆ. ದೋಣಿಗಳಿಗಾಗಿ ಸೇತುವೆ ಎತ್ತಿದಾಗ ವಾಹನಗಳೆಲ್ಲ ನಿಲ್ಲುತ್ತವೆ. ಟ್ಯಾಕ್ಸಿಯಲ್ಲೇ ಹೋಗಿ, ಮರಳುವ ಹೊತ್ತನ್ನು ಚಾಲಕರ ಜೊತೆ ಸೇತುವೆಯ ವೇಳೆ ನೋಡಿ ಗೊತ್ತುಮಾಡಿ. ವಿಮಾನ ಹೊರಡುವಾಗ ಬೇಲಿ ಹಿಡಿದು ನಿಲ್ಲಬೇಡಿ. ಎಂಜಿನ್ನಿನ ಗಾಳಿಗೆ 2017ರಲ್ಲಿ ಅಲ್ಲಿ ಒಂದು ಜೀವ ಹೋಗಿದೆ.

ಖರ್ಚಿನ ಲೆಕ್ಕ ಹೀಗೆ ಹಾಕಿ. ಹಡಗಿನ ಟೂರ್ ತಲೆಗೆ ದರ, ಟ್ಯಾಕ್ಸಿ ಬಹಳ ಕಡೆ ವಾಹನಕ್ಕೆ ದರ. ಉದಾಹರಣೆಗೆ ಹಡಗಿನ ಟೂರ್ 80 ಡಾಲರ್ ಎಂದಾದರೆ ನಾಲ್ವರಿಗೆ 320. ಅರ್ಧ ದಿನಕ್ಕೆ 120 ಡಾಲರಿನ ವಾಹನ, ತಲೆಗೆ 20ರ ಪ್ರವೇಶ ಟಿಕೆಟ್ ಸೇರಿದರೆ 200. ಒಬ್ಬರೇ ಹೋದರೆ 80ರ ಎದುರು 140. ಕುಟುಂಬಕ್ಕೆ ಉಳಿತಾಯವಾಗುವ ದಾರಿಯೇ ಒಂಟಿ ಪ್ರಯಾಣಿಕರಿಗೆ ದುಬಾರಿ. ಮೇಲೆ ಹೇಳಿದ ಭರವಸೆಯ ಬೆಲೆಯನ್ನೂ ಇದಕ್ಕೆ ಸೇರಿಸಿ ನೋಡಿ.

ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಮುಳುಗುವ ಸ್ಕೂಬಾ ಮಾಡುವವರು ಕೊನೆಯ ಬಂದರಿಗೆ ಡೈವ್ ಇಟ್ಟುಕೊಳ್ಳದಿರುವುದು ಒಳ್ಳೆಯದು. ಒಂದೇ ಡೈವ್ ಆದರೆ 12 ತಾಸು, ಹಲವಾದರೆ 18 ತಾಸು ವಿಮಾನ ಹತ್ತಬಾರದು. ಸಂಜೆ ನಾಲ್ಕಕ್ಕೆ ಎರಡನೇ ಡೈವ್ ಮುಗಿಸಿ, ಮರುದಿನ ಮಯಾಮಿಯಿಂದ ಬೆಳಿಗ್ಗೆ ಒಂಬತ್ತರ ವಿಮಾನ ಹಿಡಿದರೆ ಒಂದು ತಾಸು ಕಮ್ಮಿಯಾಗುತ್ತದೆ.