ಹುಟ್ಟುಹಬ್ಬದ ಆಸುಪಾಸಿನಲ್ಲಿ ಡಿಸ್ನಿ ಟಿಕೆಟ್

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 3ರಿಂದ 9 ವರ್ಷದವರಿಗೆ ಮಕ್ಕಳ ಟಿಕೆಟ್. 10 ತುಂಬಿದರೆ ದೊಡ್ಡವರ ಟಿಕೆಟ್. ಪಾಪ, ಹತ್ತು ವರ್ಷದ ಮಗು ದೊಡ್ಡವರ ಲೆಕ್ಕಕ್ಕೆ ಸೇರುವುದು ನನಗಂತೂ ಸರಿ ಕಾಣುವುದಿಲ್ಲ, ಪ್ಯಾರಿಸ್‌ನ ಡಿಸ್ನಿಲ್ಯಾಂಡ್‌ನಲ್ಲಿ 11ರವರೆಗೂ ಮಕ್ಕಳ ದರವೇ ಇದೆ ಅಲ್ವಾ. ಆದರೆ ಫ್ಲಾರಿಡಾದಲ್ಲಿ ಎರಡು ಟಿಕೆಟ್‌ಗಳ ನಡುವಿನ ವ್ಯತ್ಯಾಸ ತುಂಬಾ ಕಮ್ಮಿ, ಅದಕ್ಕಾಗಿ ಹತ್ತನೇ ಹುಟ್ಟುಹಬ್ಬಕ್ಕೆ ಮುಂಚೆಯೇ ಹೋಗಬೇಕೆಂದು ಸುಮ್ನೆ ಒದ್ದಾಡಬೇಡಿ. ಬಫೆ ಊಟಕ್ಕೂ ಇದೇ ವಯಸ್ಸಿನ ಲೆಕ್ಕ, ಅಲ್ಲಿ ಖರ್ಚು ಜಾಸ್ತಿ ಏರುತ್ತದೆ.

ನಿಜವಾದ ಉಳಿತಾಯ ಇರುವುದು ಮೂರನೇ ಹುಟ್ಟುಹಬ್ಬಕ್ಕೆ ಮುಂಚೆ. ಆಗ ಟಿಕೆಟ್ಟೇ ಬೇಡ! ರೈಡ್‌ಗಳಲ್ಲಿ ಮಾತ್ರ ವಯಸ್ಸಲ್ಲ, ಎತ್ತರ ನೋಡುತ್ತಾರೆ. ಸ್ಪೇಸ್ ಮೌಂಟನ್‌ಗೆ 112 ಸೆಂಟಿಮೀಟರ್ ಬೇಕೇ ಬೇಕು, ಹೊರಡುವ ಮುಂಚೆ ಮನೆಯಲ್ಲೇ ಅಳೆದುಕೊಳ್ಳಿ.